ಹೈಬ್ರಿಡ್ ಕಾರಿನ ಕಾಣೆಯಾದ ದೋಷ

ಕೇರಳ ಮಿತ ಇಂಧನ ಪ್ರಚಾರ ಮಂಡಳಿಯ ಏಕೈಕ ಹೈಬ್ರಿಡ್ ಕಾರಿನ ಬ್ಯಾಟರಿಯು 2009ರ ಮೇ ನಾಲ್ಕನೇ ತಾರೀಕು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕೆಟ್ಟಿತು. ಇದು ದಾಖಲಾದ ಸಂಗತಿ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಕಾರಿಗೆ ಪೆಟ್ರೋಲ್ ಇಂಜಿನ್ನೂ ಉಂಟು, ಹಿಂದಿನ ಸೀಟಿನ ಬೆನ್ನಿಗೆ ಅಡಗಿದ ದೊಡ್ಡ ಬ್ಯಾಟರಿಯಿಂದ ತಿರುಗುವ ಮೋಟಾರೂ ಉಂಟು. ಇಂಧನ ಉಳಿಸುವುದು ಹೇಗೆಂದು ಜನರಿಗೆ ತೋರಿಸಲು ಮಂಡಳಿ ಅದನ್ನು ಪರದೇಶದಿಂದ ತರಿಸಿತ್ತು. ಇಂಧನ ಉಳಿಯಲೆಂದು ಅದನ್ನು ಓಡಿಸುತ್ತಿರಲಿಲ್ಲ. ವಾರಕ್ಕೆ ನಾಲ್ಕು ಕಿಲೋಮೀಟರ್ ಮೀರಬಾರದೆಂದು ಸುತ್ತೋಲೆಯೇ ಇತ್ತು. ತಿರುವನಂತಪುರದ ಶಾಖಾ ಕಚೇರಿಗೆ ಶೆಡ್ ಇಲ್ಲದ ಕಾರಣ, ಕಳಕ್ಕೂಟಂನಲ್ಲಿ ಕಾನೂನು ಅಧಿಕಾರಿ ತಿರುಮಲೇಶ್ವರರ ಬಾಡಿಗೆ ಮನೆಯ ಅಂಗಳದಲ್ಲಿ ಅದು ಹೊದ್ದು ಮಲಗಿರುತ್ತಿತ್ತು. ಹೀಗಾಗಿ ಅವರು ಕಾನೂನಿನ ಜೊತೆಗೆ ಕಾರಿಗೂ ಪಾಲಕ ಅಧಿಕಾರಿ.

ಪಾಪ, ತಿರುಮಲೇಶ್ವರರಿಗೆ ಬೇಕಾಗಿದ್ದದ್ದು ಒಂದೇ: ಕಾಸರಗೋಡು. ಹನ್ನೊಂದು ವರ್ಷ, ಹನ್ನೊಂದು ಅರ್ಜಿ. ಕೊನೆಗೂ ಆ ತಿಂಗಳು ಹುಟ್ಟೂರಿನ ಶಾಖೆಗೆ ವರ್ಗದ ಆದೇಶ ಬಂತು. ಮೇ ಮೂವತ್ತರೊಳಗೆ ಕಾರನ್ನು ಕೊಚ್ಚಿಯ ವೈಟ್ಟಿಲದ ಕೇಂದ್ರ ಕಚೇರಿಗೆ ಒಪ್ಪಿಸಿ ರಸೀದಿ ಪಡೆಯಬೇಕು. ತಪ್ಪಿದರೆ ಆದೇಶ ರದ್ದು, ಮತ್ತೆ ಅರ್ಜಿ ಹಾಕಲು ಐದು ವರ್ಷ ಕಾಯಬೇಕು. ಹೆಂಡತಿ ಚಂದ್ರಾವತಿ ಸುದ್ದಿ ಕೇಳಿದ ಇಪ್ಪತ್ತು ನಿಮಿಷದಲ್ಲಿ ಪಾತ್ರೆ ಕಟ್ಟಲು ಶುರುಮಾಡಿದ್ದರು. ಮಲಯಾಳದಲ್ಲಿ ಅವರು ತರಕಾರಿ ಕೊಳ್ಳಬಲ್ಲರು, ಮದುವೆಮನೆಯಲ್ಲಿ ಮಾತಾಡಬಲ್ಲರು, ಆದರೆ ಮನಸ್ಸಿಗೆ ತೃಪ್ತಿಯಾಗುವ ಹಾಗೆ ಜಗಳ ಆಡಲು ಬರುತ್ತಿರಲಿಲ್ಲ. ಹನ್ನೊಂದು ವರ್ಷದ ಜಗಳ ಹೊಟ್ಟೆಯಲ್ಲೇ ಕೂತಿತ್ತು.

ಅಂಥ ಹೊತ್ತಿಗೆ ಕಾರಿನಲ್ಲಿ ಕೆಂಪು ದೀಪ ಹತ್ತಿತು. ಕಾರು ನಾಲ್ಕು ಮಾರು ಹೋಗಿ ನಿಂತಿತು. ತಿರುಮಲೇಶ್ವರರು ಪ್ರಾಮಾಣಿಕರು, ತಕ್ಷಣ ರಿಜಿಸ್ಟರಿನಲ್ಲಿ 'ದೋಷ: ಒಂದು. ಬ್ಯಾಟರಿ ಕೆಟ್ಟಿದೆ' ಎಂದು ಬರೆದು, ಸಹಿ ಹಾಕಿ, ಪ್ರತಿಯನ್ನು ವೈಟ್ಟಿಲಕ್ಕೆ ಕಳುಹಿಸಿದರು. ಎಡವಟ್ಟಾದದ್ದು ಇಲ್ಲೇ. ಲಾರಿಗೆ ಹೇರಿ ತರಬಹುದೇ ಎಂದು ಕೇಳಿದ್ದಕ್ಕೆ ಉತ್ತರವೂ ಬಂತು: 'ಮಂಡಳಿಯ ವಾಹನವು ಸ್ವಂತ ಬಲದಿಂದಲೇ ಬರತಕ್ಕದ್ದು. ಲಾರಿ ಬಳಸಿದಲ್ಲಿ ಇಂಧನ ವ್ಯಯವಾಗುತ್ತದೆ.'

ಮಹಡಿಯ ಮೇಲಿನ ಬಾಡಿಗೆದಾರಳು ಗ್ರೇಸಿ, ಮಂಗಳೂರಿನ ಹುಡುಗಿ. ಐಟಿ ಪಾರ್ಕಿನಲ್ಲಿ ಯಂತ್ರಗಳ ಪರೀಕ್ಷೆ ಮಾಡುವ ಕೆಲಸ. ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಬಂದವಳೇ ಕೈಗೆ ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು ಸೀಟು ಬಿಚ್ಚಿದಳು. ಕಿತ್ತಳೆ ಬಣ್ಣದ ಪ್ಲಗ್ಗೊಂದನ್ನು ಎಳೆದು ಪಕ್ಕಕ್ಕಿಟ್ಟಳು.

"ಹತ್ತು ನಿಮಿಷ ಯಾರೂ ಮುಟ್ಬೇಡಿ ಅಂಕಲ್. ಇದರಲ್ಲಿ ಇನ್ನೂರು ವೋಲ್ಟ್ ಉಂಟು, ಮುಟ್ಟಿದ್ರೆ ಕಾಸರಗೋಡಿಗೆ ಅಲ್ಲ, ಸೀದಾ ಮೇಲೆ ವರ್ಗ."

ತಿರುಮಲೇಶ್ವರರು ಸುರಕ್ಷತೆಗಾಗಿ ಇಪ್ಪತ್ತು ನಿಮಿಷ ಕಾದರು. ಇಪ್ಪತ್ತೆಂಟು ತುಂಡುಗಳ ಬ್ಯಾಟರಿ. ಗ್ರೇಸಿ ಒಂದೊಂದಕ್ಕೂ ಮೀಟರ್ ಹಿಡಿದಳು.

"ಬ್ಯಾಟರಿಗೆ ಎಂತದೂ ಆಗ್ಲಿಲ್ಲ. ಓಡಿಸದೆ ಇಟ್ಟು ಸ್ವಲ್ಪ ಸೋತಿದೆ ಅಷ್ಟೆ. ಇವನ್ನು ಜೋಡಿಸುವ ತಾಮ್ರದ ಪಟ್ಟಿ ನೋಡಿ, ಪೂರಾ ಹಸಿರು ಕಿಲುಬು."

ಚಂದ್ರಾವತಿ ಬಗ್ಗಿ ನೋಡಿದರು. "ಇಷ್ಟೆಯಾ? ಇದಕ್ಕಾ ನೀವು ಒಂದು ವಾರ ತಲೆ ಮೇಲೆ ಕೈ ಹೊತ್ತು ಕೂತದ್ದು? ಇಲ್ಲಿ ಕೊಡು ಮಗಾ."

ಬಿಚ್ಚಿದ ಪಟ್ಟಿಗಳೆಲ್ಲ ಅಡುಗೆಮನೆಗೆ ಹೋದವು. ದೇವರ ಪಾತ್ರೆ ತಿಕ್ಕುವ ಹುಣಸೆಹುಳಿ, ಚಿಟಿಕೆ ಉಪ್ಪು, ತೆಂಗಿನ ನಾರು. ಅರ್ಧ ಗಂಟೆಯಲ್ಲಿ ಇಪ್ಪತ್ತೇಳು ಪಟ್ಟಿಗಳು ಬಿಸಿಲಲ್ಲಿ ಹಪ್ಪಳದ ಪಕ್ಕ ಒಣಗುತ್ತ ಫಳಫಳ ಹೊಳೆದವು. ಗ್ರೇಸಿ ಮತ್ತೆ ಜೋಡಿಸಿ, ಪ್ಲಗ್ ಸಿಕ್ಕಿಸಿ, ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಲಿಲ್ಲ. ಕಾರು ಸದ್ದಿಲ್ಲದೆ ಅಂಗಳದಲ್ಲಿ ಒಂದು ಸುತ್ತು ಬಂತು. ತಿರುಮಲೇಶ್ವರರು ಕಾನೂನು ಅಧಿಕಾರಿಗೆ ಒಪ್ಪದ ಒಂದು ಕುಣಿತ ಕುಣಿದರು. ಉಟ್ಟ ಮುಂಡು ಜಾರಿದ್ದೂ ಗೊತ್ತಾಗಲಿಲ್ಲ.

ಇಪ್ಪತ್ತೆಂಟನೇ ತಾರೀಕು ಗಂಡ ಹೆಂಡತಿ ಪಾತ್ರೆಮೂಟೆಗಳ ಸಮೇತ ಕಾರಿನಲ್ಲೇ ವೈಟ್ಟಿಲಕ್ಕೆ ಹೋದರು. ಮಂಡಳಿಯ ಇತಿಹಾಸದಲ್ಲೇ ಆ ಕಾರು ಓಡಿದ ಅತಿ ದೀರ್ಘ ಪ್ರಯಾಣ ಅದು. ವಾಹನ ದಾಖಲೆಯ ಅಧೀಕ್ಷಕ ಜೋಸೆಫ್ ಸಾರ್ ಕಾರಿಗೆ ಮೂರು ಸುತ್ತು ಬಂದು, ಕನ್ನಡಕ ಏರಿಸಿದರು.

"ಕಾರು ಚೆನ್ನಾಗಿದೆ," ಎಂದರು ಮಲಯಾಳದಲ್ಲಿ. "ಅದೇ ತೊಂದರೆ. ರಿಜಿಸ್ಟರಿನಲ್ಲಿ ಕೆಟ್ಟ ಕಾರಿದೆ. ಆ ಕಾರು ಎಲ್ಲಿ?"

"ಇದೇ ಸಾರ್."

"ಇದು ಓಡುತ್ತದೆ."

"ರಿಪೇರಿ ಆಯಿತು ಸಾರ್."

"ರಿಪೇರಿಗೆ ಆದೇಶ?"

"ಆದೇಶ ಇಲ್ಲ. ಹುಣಸೆಹುಳಿ."

"ಆದೇಶವಿಲ್ಲದೆ ಆದ ರಿಪೇರಿ ಆಗಿಲ್ಲ."

"ಹಾಗಾದರೆ ಕೆಟ್ಟಿದೆ ಅಂತಲೇ ತೆಗೆದುಕೊಳ್ಳಿ ಸಾರ್."

"ಕಣ್ಣೆದುರು ಓಡುವುದನ್ನು ಕೆಟ್ಟಿದೆ ಅಂತ ಸುಳ್ಳು ಬರೆಯಲೇ?" ಜೋಸೆಫ್ ಸಾರ್ ನೊಂದುಕೊಂಡರು. ಅವರೂ ಪ್ರಾಮಾಣಿಕರು. ಇಬ್ಬರು ಪ್ರಾಮಾಣಿಕರು ಎದುರಾಬದುರು ಸಿಕ್ಕಿಕೊಂಡರೆ ಕೆಲಸ ಆಗುವುದುಂಟೇ?

"ಮತ್ತೆ ಕೆಡಿಸಿಕೊಂಡು ಬರಲೇ?"

"ಸರ್ಕಾರಿ ಸೊತ್ತು ಕೆಡಿಸಿದರೆ ಜೈಲು. ಅಲ್ಲದೆ ಕೆಟ್ಟ ಮೇಲೆ ಸ್ವಂತ ಬಲದಿಂದ ಬರುವುದು ಹೇಗೆ?"

ಒಟ್ಟಿನಲ್ಲಿ, ರಿಜಿಸ್ಟರಿನಲ್ಲಿ ಇದ್ದ ಒಂದು ದೋಷ ಈಗ ಇಲ್ಲ. ಮಂಡಳಿಯ ಸೊತ್ತು ಕಾಣೆಯಾಗಿದೆ. ತ್ರಿಸದಸ್ಯ ಸಮಿತಿ ರಚನೆಯಾಯಿತು. ಇಪ್ಪತ್ತೊಂಬತ್ತರ ಬೆಳಿಗ್ಗೆ ಸೂಚನಾಫಲಕದಲ್ಲಿ ಪ್ರಕಟಣೆ ಬಿತ್ತು: 'ಮಂಡಳಿಗೆ ಸೇರಿದ ದೋಷ ಒಂದು, ಹಸಿರು ಬಣ್ಣದ್ದು, ಕಳಕ್ಕೂಟಂನಲ್ಲಿ ಕಾಣೆಯಾಗಿರುತ್ತದೆ. ಕಂಡವರು ಕಚೇರಿ ವೇಳೆಯಲ್ಲಿ ತಂದೊಪ್ಪಿಸತಕ್ಕದ್ದು.' ಮೂವರು ಗುಮಾಸ್ತರು ತಮ್ಮ ತಮ್ಮ ಸ್ಕೂಟರುಗಳ ದೋಷ ತೋರಿಸಿದರು. ಸಮಿತಿ ಒಂದೊಂದನ್ನೂ ಪರಿಶೀಲಿಸಿತು, ಯಾವುದೂ ಹೊಂದಲಿಲ್ಲ.

ಮೂವತ್ತನೇ ತಾರೀಕು, ಮಧ್ಯಾಹ್ನ ಮೂರು ಗಂಟೆ. ಐದಕ್ಕೆ ಕಚೇರಿ ಮುಚ್ಚುತ್ತದೆ, ಕಾಸರಗೋಡೂ ಮುಚ್ಚುತ್ತದೆ. ಎರಡು ದಿನದಿಂದ ಪಾತ್ರೆಮೂಟೆಯ ಮೇಲೆ ಕೂತಿದ್ದ ಚಂದ್ರಾವತಿ ದಡಕ್ಕನೆ ಎದ್ದು ಸಮಿತಿಯ ಕೋಣೆಗೆ ನುಗ್ಗಿದರು. ಹನ್ನೊಂದು ವರ್ಷದ್ದು ಒಟ್ಟಿಗೆ ಬಂತು, ಅಚ್ಚ ಕನ್ನಡದಲ್ಲಿ.

"ನಿಮಗೆಲ್ಲ ಎಂತ ಮರ್ಲಾ, ಹುಚ್ಚಾ? ದೋಷ ಬೇಕಾದ್ರೆ ಇಗೊಳ್ಳಿ, ಇವರನ್ನೇ ಬರ್ಕೊಳ್ಳಿ! ಕೇಳದೆ ಇದ್ರೂ ರಿಜಿಸ್ಟರಿನಲ್ಲಿ ಬರೆದು ಕೂತ ಮನುಷ್ಯ! ಈ ಕಾರಿಗೆ ಇವರಿಗಿಂತ ದೊಡ್ಡ ದೋಷ ಬೇರೆ ಉಂಟಾ?"

"ಮೇಡಂ ಏನು ಹೇಳಿದರು?" ಎಂದರು ಜೋಸೆಫ್ ಸಾರ್.

ತಿರುಮಲೇಶ್ವರರು ಒಂದಕ್ಷರ ಬಿಡದೆ ಅನುವಾದಿಸಿದರು. ಸಮಿತಿಯ ಮೂರೂ ಮುಖಗಳು ಅರಳಿದವು.

"ಇದು ಸಾಧ್ಯವೇ? ಕಾನೂನು ಅಧಿಕಾರಿಗಳ ಅಭಿಪ್ರಾಯ ಬೇಕು," ಎಂದಿತು ಸಮಿತಿ.

ಕಾನೂನು ಅಧಿಕಾರಿ ಅಲ್ಲೇ ಇದ್ದರು. ಗಡಿಯಾರ ನೋಡಿದರು, ಹೆಂಡತಿಯ ಮುಖ ನೋಡಿದರು, ನಿಯಮಾವಳಿ ತಿರುವಿದರು. "ದೋಷವು ನಿರ್ಜೀವವಾಗಿರಬೇಕೆಂದು ಎಲ್ಲಿಯೂ ಹೇಳಿಲ್ಲ," ಎಂದು ಬರೆದು ಸಹಿ ಹಾಕಿದರು. ಜೋಸೆಫ್ ಸಾರ್ ರಿಜಿಸ್ಟರಿನಲ್ಲಿ 'ದೋಷ: ಒಂದು' ಎಂಬುದರ ಮುಂದೆ 'ತಿರುಮಲೇಶ್ವರ' ಎಂದು ಸೇರಿಸಿದರು. ಲೆಕ್ಕ ತಾಳೆಯಾಯಿತು. ರಸೀದಿಯೂ ಸಿಕ್ಕಿತು.

"ಹಾಗಾದರೆ ನಾನು ಹೊರಡಲೇ ಸಾರ್?"

"ಎಲ್ಲಿಗೆ? ದೋಷ ವಾಹನದಿಂದ ಬೇರೆಯಾಗುವಂತಿಲ್ಲ. ಹಾಗೆ ಬೇರೆಯಾದರೆ ಅದು ರಿಪೇರಿ."

ಅಯ್ಯೋ ದೇವರೇ! ತಿರುಮಲೇಶ್ವರರ ಕಣ್ಣಲ್ಲಿ ನೀರೇ ಬಂತು. ಚಂದ್ರಾವತಿ ಮೂಟೆಯ ಮೇಲೆ ಮತ್ತೆ ಕುಸಿದು ಕೂತರು. ಆಗ ಜೋಸೆಫ್ ಸಾರ್ ಇನ್ನೊಂದು ಕಡತ ತೆರೆದರು. ಕಾಸರಗೋಡು ಶಾಖೆಯವರು ಒಂದು ವಾಹನ ಕೊಡಿ ಎಂದು ಒಂಬತ್ತು ವರ್ಷದಿಂದ ಬರೆಯುತ್ತಿದ್ದರು.

"ಸರಿ ಇರುವ ವಾಹನ ಕಾಸರಗೋಡಿಗೆ ಕಳುಹಿಸಿದ ಪೂರ್ವನಿದರ್ಶನ ನಮ್ಮಲ್ಲಿಲ್ಲ," ಎಂದರು ಗಂಭೀರವಾಗಿ. "ಕೆಟ್ಟದ್ದಾದರೆ ಅಡ್ಡಿಯಿಲ್ಲ. ಇದು ಕೆಟ್ಟಿದೆ. ಇವತ್ತೇ ಕಳುಹಿಸುತ್ತೇನೆ."

ರವಾನೆ ಪಟ್ಟಿಯಲ್ಲಿ ಹೆಂಡತಿಯನ್ನು ಯಾವ ಕಾಲಂನಲ್ಲಿ ತೋರಿಸಬೇಕೆಂಬ ಪ್ರಶ್ನೆ ಬಂತು. ದೋಷಕ್ಕೆ ಸಂಬಂಧಿಸಿದ ಸದ್ದು ಎಂದು ಬರೆದು ಮುಗಿಸಿದರು.

ಹೀಗೆ ತಿರುಮಲೇಶ್ವರರು ಊರು ಸೇರಿದರು. ಕಾಸರಗೋಡಿನ ಶಾಖೆಯವರು ಕಾರಿಗೊಂದು, ದೋಷಕ್ಕೊಂದು ಹಾರ ಹಾಕಿ ಬರಮಾಡಿಕೊಂಡರು. ತಿರುಮಲೇಶ್ವರರು ಕಾರಿನ ಬಿಡಿಭಾಗವಾಗಿ ಬಂದದ್ದರಿಂದ ಕಾನೂನು ಅಧಿಕಾರಿಯ ಹುದ್ದೆ ಖಾಲಿಯೇ ಉಳಿದಿದೆ. ಕಡತಗಳನ್ನು ಕಾರಿನ ಕಿಟಕಿಯಿಂದ ಕೊಟ್ಟರೆ ಸಂಜೆಯೊಳಗೆ ಸಹಿಯಾಗಿ ಬರುತ್ತವೆ. ಅವರು ಖುಷಿಯಾಗಿದ್ದಾರೆ, ತುಸು ದಪ್ಪವೂ ಆಗಿದ್ದಾರೆ. ಚಂದ್ರಾವತಿ ಅಲಸಂಡೆ ಕಟ್ಟಿಗೆ ಎರಡು ರೂಪಾಯಿ ಜಾಸ್ತಿ ಹೇಳಿದ್ದಕ್ಕೆ ಮಾರುಕಟ್ಟೆಯಲ್ಲಿ ಮುಕ್ಕಾಲು ಗಂಟೆ ಜಗಳವಾಡಿ, ಕೆನ್ನೆ ಕೆಂಪಗಾಗಿ ಮನೆಗೆ ಬರುತ್ತಾರೆ.

ಮರುವರ್ಷ ಮೇ ತಿಂಗಳಲ್ಲಿ ವಾರ್ಷಿಕ ತಪಾಸಣೆಗೆ ಜೋಸೆಫ್ ಸಾರ್ ಸ್ವತಃ ಬಂದರು. ಕಾರು ನೋಡಿದರು. ತಿರುಮಲೇಶ್ವರರಿಗೆ ನಾಲಗೆ ಚಾಚಲು ಹೇಳಿದರು, ಮೊಣಕಾಲು ತಟ್ಟಿ ನೋಡಿದರು, ಚಹಾ ಕುಡಿದು ವರದಿ ಬರೆದರು: 'ದೋಷ: ಒಂದು. ಸುಸ್ಥಿತಿಯಲ್ಲಿದೆ.'