ಮೀನಿನ ಪೆಟ್ಟಿಗೆ, ಸಸ್ಯಾಹಾರಿ ಡೋಲು ಮತ್ತು ನಾನು

ಯಾವ ಕೆಲಸ ಹಿಡಿದರೂ ಅದು ನೆಟ್ಟಗೆ ದಡ ಮುಟ್ಟದೆ, ನಡುವೆ ಎಲ್ಲಾದರೂ ಒಂದು ಪಜೀತಿ ಮಾಡಿಕೊಂಡೇ ಮುಂದೆ ಹೋಗುವುದು ನನ್ನ ಬದುಕಿನ ರೂಢಿ. ವಯಸ್ಸಾದ ಮೇಲಾದರೂ ಇದು ಕಡಿಮೆಯಾದೀತು ಅಂದುಕೊಂಡಿದ್ದೆ. ಆಗಲಿಲ್ಲ.

ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವಳು ನಾನು. ಮಹಿಳಾ ಮಂಡಳದ ಕಾರ್ಯದರ್ಶಿಯಾಗಿದ್ದ ಕಾಲದಿಂದ, ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುವ ಚಟ ಹತ್ತಿದೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮವರು ತೀರಿಕೊಂಡ ಮೇಲೆ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ಸ್ಟೇಷನ್ ಹತ್ತಿರದ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದೇನೆ. ಮಗಳು ಮೆಲ್ಬರ್ನ್‌ನಲ್ಲಿ. ಭಾನುವಾರ ಕಾರು ಓಡಿಸುತ್ತಾ ಫೋನ್ ಮಾಡುತ್ತಾಳೆ. ಅವಳು ಇಳಿಯುವ ಜಾಗ ಬಂದಾಗ ನಮ್ಮ ಮಾತೂ ಮುಗಿಯುತ್ತದೆ. ಉಳಿದ ದಿನ ನಾನು ಕುಕ್ಕರಿನ ಸೀಟಿಗೆ ಉತ್ತರ ಕೊಟ್ಟುಕೊಂಡು ಇರುತ್ತೇನೆ.

ಪಕ್ಕದ ಫ್ಲ್ಯಾಟಿನಲ್ಲಿ ಕೊಲಂಬಿಯಾ ದೇಶದ ಒಬ್ಬ ನರ್ಸ್ ಇದ್ದಾಳೆ. ನಾನು ಶನಿವಾರ ತಾಳ ಹಿಡಿದು ಭಜನೆ ಮಾಡುವುದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡು ಒಂದು ದಿನ ಬಾಗಿಲು ತಟ್ಟಿದಳು. "ಆಂಟಿ, ನಿಮ್ಮ ಕೈಯಲ್ಲಿ ಲಯ ಇದೆ. ನಮ್ಮ ಡೋಲಿನ ಕ್ಲಾಸಿಗೆ ಬನ್ನಿ" ಎಂದಳು. ಅದು ಕ್ಯೂಬಾದ ವಾದ್ಯಗಳನ್ನು ಕಲಿಸುವ ಕ್ಲಾಸು. ಆಫ್ರಿಕಾದಿಂದ ಗುಲಾಮರಾಗಿ ಹೋದವರು ಅಲ್ಲಿ ಕಟ್ಟಿ ಬೆಳೆಸಿದ ವಾದನ. ಮೇಷ್ಟ್ರು ಹವಾನಾದವರು. ನನ್ನನ್ನು ಮೊದಲ ದಿನದಿಂದಲೂ 'ಸೆನ್ಯೋರಾ' ಅನ್ನುತ್ತಾರೆ. ನಮ್ಮ 'ಅಮ್ಮಾವ್ರೇ' ಇದ್ದ ಹಾಗೆ.

ಮಗಳಿಗೆ ಹೇಳಿದೆ, "ನಾನು ಡೋಲು ಬಾರಿಸೋದು ಕಲೀಲಿಕ್ಕತ್ತೀನಿ."

"ಗುಡ್ ಅಮ್ಮಾ. ಸೀನಿಯರ್ಸ್‌ಗೆ ಆಕ್ಟಿವಿಟಿ ಇರ್ಬೇಕು. ನೀರು ಸರಿಯಾಗಿ ಕುಡೀತಿದ್ದೀಯಾ?"

ಆವತ್ತೇ ನನಗೆ ಹಟ ಬಂತು. ಒಂದೇ ಒಂದು ಸಲ ಇವಳು ಬಂದು, ನಾನು ಬಾರಿಸುವುದನ್ನು ಕಣ್ಣಾರೆ ನೋಡಬೇಕು.

ಕೂರುವುದು ಹೇಗೆ

ಮೊದಲ ದಿನ ಮೇಷ್ಟ್ರು ನನ್ನ ಮುಂದೆ ಒಂದು ಮರದ ಪೆಟ್ಟಿಗೆ ಇಟ್ಟರು. "ಇದು ಕಹೋನ್. ಇದರ ಮೇಲೆ ಕೂತು, ಮುಂದಿನ ಹಲಗೆಯನ್ನು ಕೈಯಿಂದ ಬಾರಿಸಬೇಕು" ಎಂದರು.

ನಾನು ಕೂರಲಿಲ್ಲ. ವಾದ್ಯದ ಮೇಲೆ ಕೂರುವುದುಂಟೆ? ನಮ್ಮ ಮನೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಗೆ ಅಪ್ಪಿತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. "ಇದು ಸರಸ್ವತಿ. ನಾನು ಸರಸ್ವತಿ ಮೇಲೆ ಕೂರೋದಿಲ್ಲ" ಎಂದೆ. ಎಲ್ಲರೂ ಕೂತು ಬಾರಿಸಿದರು. ನಾನು ಎದುರಿಗೆ ನಿಂತು, ನಲ್ಲಿಯ ಕೆಳಗೆ ಕೊಡ ಇಡುವವಳ ಹಾಗೆ ಬಗ್ಗಿ ಬಾರಿಸಿದೆ. ಅರ್ಧ ಕ್ಲಾಸಿಗೆ ಸೊಂಟ ಹಿಡಿಯಿತು. ನರ್ಸ್ ಬಂದು ನೆಟ್ಟಗೆ ನಿಲ್ಲಿಸಬೇಕಾಯಿತು.

ಮೇಷ್ಟ್ರಿಗೆ ಕನಿಕರ ಬಂತು. ಪಕ್ಕದಲ್ಲಿ ಕೂತು ಸಮಾಧಾನವಾಗಿ ಹೇಳಿದರು. "ಸೆನ್ಯೋರಾ, ನಮ್ಮ ಹಿರಿಯರಿಗೆ ಡೋಲು ಬಾರಿಸಬಾರದು ಅಂತ ಯಜಮಾನರು ಕಟ್ಟಪ್ಪಣೆ ಮಾಡಿದ್ರು. ಬಂದರಿನಲ್ಲಿ ದುಡೀತಿದ್ದ ಅವರು, ಕೈಗೆ ಸಿಕ್ಕ ಖಾಲಿ ಪೆಟ್ಟಿಗೆಗಳನ್ನೇ ಬಾರಿಸಿದ್ರು. ಇದು ಹುಟ್ಟಿದ್ದು ಹಾಗೆ. ಇದು ದೇವರಲ್ಲ, ಉಪ್ಪುಮೀನು ತುಂಬೋ ಪೆಟ್ಟಿಗೆ. ಧೈರ್ಯವಾಗಿ ಕೂರಿ."

ಇತಿಹಾಸ ಓದಿದವಳು ನಾನು. ಆ ಮಾತು ಕೇಳಿ ಕಣ್ಣು ತುಂಬಿ ಬಂತು. ಕೂರಲು ಇದ್ದ ಅಡ್ಡಿಯೂ ಹೋಯಿತು.

ಆದರೆ ಮೀನಿನ ಪೆಟ್ಟಿಗೆ ಎಂದು ಗೊತ್ತಾದ ಮೇಲೆ, ಕೂತೆನೇನೋ ನಿಜ, ಕೈಯಿಂದ ಮುಟ್ಟುವುದು ಹೇಗೆ ಅಂತ ಹೊಸ ಪೇಚು ಶುರುವಾಯಿತು.

ತಲೆದೂಗುವವರು ಯಾರು

ಪೆಟ್ಟಿಗೆಯ ಸಹವಾಸ ಬೇಡವೆಂದು ಮೇಷ್ಟ್ರು ನನ್ನ ಕೈಗೆ ಎರಡು ದಪ್ಪ ಮರದ ಕೋಲು ಕೊಟ್ಟರು. ಲಟ್ಟಣಿಗೆಯನ್ನು ಮುರಿದು ಎರಡು ಮಾಡಿದ ಹಾಗಿತ್ತು. ಹೆಸರು ಕ್ಲಾವೆ. ಒಂದಕ್ಕೊಂದು ಹೊಡೆಯಬೇಕು: ಮೊದಲು ಮೂರು ಪೆಟ್ಟು, ಆಮೇಲೆ ಎರಡು. ಮತ್ತೆ ಮೂರು, ಮತ್ತೆ ಎರಡು. ಕೊನೆಯ ತನಕ ಇಷ್ಟೇ.

"ಇಷ್ಟೇನಾ?" ಎಂದೆ. ಎಂ.ಎ. ಮಾಡಿದವಳಿಗೆ ಇದೇನು ಮಹಾ.

"ಇಷ್ಟೇ. ಆದರೆ ಉಳಿದವರೆಲ್ಲ ನಿಮ್ಮನ್ನು ನೋಡಿಕೊಂಡು ಬಾರಿಸುತ್ತಾರೆ. ನೀವು ಯಾರನ್ನೂ ನೋಡಬಾರದು. ಕ್ಲಾವೆ ನಡೆಯುತ್ತಿರುವ ತನಕ ಯಾರೂ ಕೈ ಇಳಿಸುವ ಹಾಗಿಲ್ಲ, ನಾನೂ ಇಳಿಸುವ ಹಾಗಿಲ್ಲ. ಇದು ನನ್ನ ಕ್ಲಾಸಿನ ಕಾನೂನು."

ಆ ಮಾತು ನನಗೆ ಬಹಳ ಹಿಡಿಸಿತು. ಮನೆಯಲ್ಲೂ ಹೀಗೇ ಇರಬೇಕಿತ್ತು ಅನಿಸಿತು.

ತೊಂದರೆ ಆದದ್ದು ನನ್ನ ತಲೆಯಿಂದ. ನಮ್ಮ ಕಡೆ ಭಜನೆಗೆ ಕೂತರೆ ತಾಳ ಒಂದು ಸುತ್ತು ಹೊಡೆದು ಸಮಕ್ಕೆ, ಅಂದರೆ ಮೊದಲ ಪೆಟ್ಟಿಗೆ, ಬಂದಾಗ ಎಲ್ಲರೂ ಒಬ್ಬರನ್ನೊಬ್ಬರು ನೋಡಿ ತಲೆದೂಗುತ್ತಾರೆ. ಎಲ್ಲರೂ ಒಟ್ಟಿಗೆ ಮನೆ ತಲುಪಿದಂಥ ಖುಷಿ ಅದು. ಇಲ್ಲೂ ಪ್ರತಿ ಸುತ್ತಿಗೆ ನಾನು ಎಡಕ್ಕೆ ತಿರುಗಿ ತಲೆದೂಗಿದೆ, ಬಲಕ್ಕೆ ತಿರುಗಿ ತಲೆದೂಗಿದೆ. ಯಾರೂ ತಿರುಗಿ ತಲೆದೂಗಲಿಲ್ಲ. ಎಲ್ಲರೂ ತಮ್ಮ ತಮ್ಮ ವಾದನದಲ್ಲಿ ಮುಳುಗಿದ್ದರು. ಆದರೂ ಬಿಡದೆ ತೂಗುತ್ತಲೇ ಇದ್ದೆ. ಯಾರಾದರೂ ಒಬ್ಬರು ನೋಡಿಯಾರು ಎಂದು.

ಕ್ಲಾಸು ಮುಗಿದ ಮೇಲೆ ನರ್ಸ್ ಹತ್ತಿರ ಬಂದಳು. "ಆಂಟಿ, ನಾನು ಆಗಿನಿಂದ ನೋಡ್ತಾ ಇದ್ದೆ" ಎಂದಳು.

ನನಗೆ ಎಷ್ಟು ಸಂತೋಷವಾಯಿತು! ಕಡೆಗೂ ಒಬ್ಬಳು ನೋಡಿದಳಲ್ಲ.

"ಕುತ್ತಿಗೆ ನೋವು ಯಾವಾಗಿನಿಂದ ಇದೆ?" ಎಂದು ಕೇಳಿ, ಚೀಲದಿಂದ ಮುಲಾಮು ತೆಗೆದಳು.

ಗೋಡೆಯ ಆಚೆ ಈಚೆ

ಮನೆಯಲ್ಲಿ ಅಭ್ಯಾಸಕ್ಕೆ ಕೂತೆ. ಮಟಮಟ ಮಧ್ಯಾಹ್ನ, ಯಾರಿಗೂ ತೊಂದರೆ ಇಲ್ಲ ಅಂದುಕೊಂಡಿದ್ದೆ. ಗೋಡೆಗೆ ಒರಗಿ ಮೂರು, ಎರಡು, ಮೂರು, ಎರಡು ಎಂದು ಹೊಡೆಯುತ್ತಿದ್ದೆ. ನಡುನಡುವೆ ತಪ್ಪುತ್ತಿತ್ತು. ತಪ್ಪಿದಾಗ ನಿಲ್ಲಿಸಿ, "ಅಯ್ಯೋ ದೇವರೇ" ಎಂದು ಜೋರಾಗಿ ಅಂದು ಮತ್ತೆ ಶುರು ಮಾಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ತೆರೆದರೆ ಕಾರಿಡಾರ್ ತುಂಬ ಜನ. ನಮ್ಮ ಕಟ್ಟಡದಲ್ಲಿ ಇರುವವರೆಲ್ಲ ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ ಮಾಡುವವರೇ. ಒಬ್ಬ ಡಾಕ್ಟರ್ ಪೈಜಾಮದಲ್ಲೇ ಬಂದಿದ್ದ, ಕುತ್ತಿಗೆಯಲ್ಲಿ ಸ್ಟೆತಾಸ್ಕೋಪು. ನರ್ಸುಗಳು, ಒಬ್ಬ ಫಿಸಿಯೋ, ಬೀಗ ಒಡೆಯಲು ಸುತ್ತಿಗೆ ಹಿಡಿದ ಕೇರ್‌ಟೇಕರ್. ಒಂಟಿ ಮುದುಕಿ ಬಾತ್‌ರೂಮಿನಲ್ಲಿ ಬಿದ್ದು, ಏಳಲಾಗದೆ, ಗೋಡೆ ತಟ್ಟಿ ತಟ್ಟಿ ಸಹಾಯ ಕೇಳುತ್ತಿದ್ದಾಳೆ ಎಂದು ಎಲ್ಲರೂ ಓಡಿ ಬಂದಿದ್ದರು.

"ಎಲ್ಲಿ ಬಿದ್ರಿ?" ಡಾಕ್ಟರ್ ಕೇಳಿದ.

"ಎಲ್ಲೂ ಬಿದ್ದಿಲ್ಲ. ಎರಡನೇ ಪೆಟ್ಟಿನ ಹತ್ತಿರ ತಪ್ಪುತ್ತಿದೆ ಅಷ್ಟೇ."

ಬಂದವರನ್ನು ಹಾಗೇ ಕಳಿಸುವುದು ನಮ್ಮಲ್ಲಿ ಇಲ್ಲ. ಒಳಗೆ ಕರೆದೆ. ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ತಂದಿದ್ದ ಮಂಡಕ್ಕಿಗೆ ಒಗ್ಗರಣೆ ಹಾಕಿ ಚಹಾ ಮಾಡಿ ಕೊಟ್ಟೆ. ಕೂರಲು ಜಾಗ ಸಾಲದೆ ಕೇರ್‌ಟೇಕರ್ ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತ. ನಮ್ಮವರು ಹೋದ ಮೇಲೆ ನನ್ನ ಮನೆಯಲ್ಲಿ ಅಷ್ಟು ಕಪ್ಪು ಒಟ್ಟಿಗೆ ತೊಳೆದದ್ದು ಅವತ್ತೇ.

ಈಗ ನಾನು ಎಷ್ಟು ಹೊತ್ತು ಬಾರಿಸಿದರೂ ಒಬ್ಬರೂ ಬರುವುದಿಲ್ಲ. ಮೇಷ್ಟ್ರಿಗೆ ಹೇಳಿದರೆ, "ಅಭಿನಂದನೆ ಸೆನ್ಯೋರಾ, ನಿಮ್ಮ ಲಯ ಸರಿಹೋಗಿದೆ ಎಂದರ್ಥ" ಎಂದರು.

ಡೋಲಿನ ಊಟ

ಆಯುಧಪೂಜೆಯ ದಿನ ಕ್ಲಾಸಿತ್ತು. ಮನೆಯಲ್ಲಿ ಪೂಜೆ ಮಾಡೋಣವೆಂದರೆ ಕಾರಿಲ್ಲ, ಯಂತ್ರವಿಲ್ಲ. ಮಿಕ್ಸರಿಗೆ ಕುಂಕುಮ ಹಚ್ಚಿ ಮುಗಿಸಿದೆ. ಮನಸ್ಸು ತುಂಬಲಿಲ್ಲ. ಚೆಂಡುಹೂವು, ಕುಂಕುಮ, ಬಾಳೆಹಣ್ಣು ಕಟ್ಟಿಕೊಂಡು ಬೇಗನೆ ಕ್ಲಾಸಿಗೆ ಹೋದೆ. ಎಲ್ಲಕ್ಕಿಂತ ದೊಡ್ಡ ಕೋಂಗಾಕ್ಕೆ (ನೆಟ್ಟಗೆ ನಿಲ್ಲಿಸಿ ಬಾರಿಸುವ ಎತ್ತರದ ಡೋಲು ಅದು) ಹಾರ ಹಾಕಿ ಕುಂಕುಮ ಇಟ್ಟೆ. ಹೊಗೆ ಎದ್ದರೆ ಅಲಾರಂ ಕೂಗಿಕೊಳ್ಳುತ್ತದೆ ಎಂದು, ಊದಿನಕಡ್ಡಿಯನ್ನು ಹಚ್ಚದೆಯೇ ಬೆಳಗಿದೆ.

ತಿರುಗಿ ನೋಡಿದರೆ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದಾರೆ. ಬೈಯುತ್ತಾರೇನೋ ಅಂದುಕೊಂಡೆ. ಅವರು ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದರು.

"ನನ್ನ ಅಜ್ಜ ಹೀಗೇ ಮಾಡುತ್ತಿದ್ದ. ಈ ದೇಶಕ್ಕೆ ಬಂದ ಮೇಲೆ ನೋಡಿಯೇ ಇರಲಿಲ್ಲ" ಎಂದರು. ಹತ್ತಿರ ಬಂದು ಹಾರವನ್ನು ನೆಟ್ಟಗೆ ಮಾಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ನಮ್ಮಲ್ಲಿ ದೇವರ ಡೋಲಿಗೆ ಊಟ ಇಡುತ್ತಾರೆ. ಹುಂಜ ಕೊಡುತ್ತಾರೆ. ನಿಮ್ಮಲ್ಲಿ ಡೋಲು ಏನು ತಿನ್ನುತ್ತದೆ?"

"ಬಾಳೆಹಣ್ಣು" ಎಂದೆ. "ನಮ್ಮ ಕೈಯಿಂದ ಪೂಜೆ ಆದ ಮೇಲೆ ಇದು ಸಸ್ಯಾಹಾರಿ."

ಅವರು ಗಂಭೀರವಾಗಿ ತಲೆಯಾಡಿಸಿದರು. ಡೋಲಿನ ತೊಗಲು ಯಾವ ಪ್ರಾಣಿಯದು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದೊಂದು ದಿನ ಹೊಸದಾಗಿ ಸೇರಿದವನೊಬ್ಬ ತನ್ನ ಊಟದ ಪೊಟ್ಟಣವನ್ನು ಆ ಕೋಂಗಾದ ಮೇಲಿಟ್ಟು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಮೇಷ್ಟ್ರು ಹಾಲ್ ನಡುಗುವ ಹಾಗೆ ಕೂಗಿದರು, "ಏಯ್! ಮೀಟ್ ಪೈ ತೆಗಿ ಅಲ್ಲಿಂದ! ಆ ಡೋಲು ವೆಜಿಟೇರಿಯನ್!"

ಮೆಲ್ಬರ್ನ್‌ನಲ್ಲಿ

ನಮ್ಮ ಗುಂಪಿಗೆ ಮೆಲ್ಬರ್ನ್‌ನ ಒಂದು ಪಾರ್ಕಿನಲ್ಲಿ ಬಾರಿಸಲು ಕರೆ ಬಂತು. ಬೆಳಿಗ್ಗೆ ವಿಮಾನ ಹತ್ತಿ, ಮಧ್ಯಾಹ್ನ ಬಾರಿಸಿ, ಸಂಜೆ ವಾಪಸ್. ನಾನು ಆ ಕ್ಷಣವೇ ಮಗಳಿಗೆ ಫೋನ್ ಮಾಡಿದೆ.

"ಶನಿವಾರ ನಿಮ್ಮೂರಿಗೆ ಬರ್ತೀನವಾ, ಬಾರಿಸ್ಲಿಕ್ಕೆ. ಆಮೇಲೆ ಎರಡು ದಿನ ನಿಮ್ಮನ್ಯಾಗ ಇರ್ಲೇನು?"

"ಅಯ್ಯೋ, ಈ ವೀಕೆಂಡ್ ಬೇಡ ಅಮ್ಮಾ. ಇವ್ರ ಆಫೀಸ್‌ನವ್ರು ಊಟಕ್ಕೆ ಬರ್ತಿದ್ದಾರೆ."

"ಇರ್ಲಿ ಬಿಡು. ಬಾರಿಸೋದು ನೋಡ್ಲಿಕ್ಕರ ಬರ್ತೀಯಲ್ಲ?"

"ಮೂರು ಗಂಟೆಗೆ ಪಾಪು ಸ್ವಿಮ್ಮಿಂಗ್ ಇದೆ... ನೋಡ್ತೀನಿ ಅಮ್ಮಾ. ಟ್ರೈ ಮಾಡ್ತೀನಿ."

ನಾನು ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ವೇದಿಕೆಯಲ್ಲಿ ನಡುವೆ ನನ್ನ ಕುರ್ಚಿ, ಕಾಲ ಬಳಿ ಫೋನು. ಮೊದಲ ಹಾಡು ಆಯಿತು. ಅವಳಿಲ್ಲ. ಎರಡನೆಯದೂ ಆಯಿತು. ಮುಂದಿನ ಸಾಲಿನಲ್ಲಿ ಯಾರ ಯಾರದೋ ಅಮ್ಮಂದಿರು, ಯಾರ ಯಾರದೋ ಮಕ್ಕಳು. ಕೊನೆಯ ಹಾಡಿಗೆ ಬಂದೆವು. ಅದೂ ಮುಗಿಯುತ್ತಾ ಬಂತು. ಕೊರಳಿಗೆ ಡೋಲು ನೇತುಹಾಕಿ ಬಾರಿಸುತ್ತಾ ಹಾಡುತ್ತಿದ್ದ ಮೇಷ್ಟ್ರು, ನಿಲ್ಲಿಸಿ ಎನ್ನಲು ಒಂದು ಕೈ ಎತ್ತಿದರು. ಅಷ್ಟರಲ್ಲಿ ಫೋನು ಬೆಳಗಿತು.

'ಬಂದೆ ಅಮ್ಮಾ. ಪಾರ್ಕಿಂಗ್ ಸಿಗ್ತಿಲ್ಲ.'

ಮೂರು, ಎರಡು. ನಾನು ನಿಲ್ಲಿಸಲಿಲ್ಲ.

ಮೇಷ್ಟ್ರು ಇನ್ನೊಂದು ಚರಣ ಹಾಡಿ, ಮತ್ತೆ ಕೈ ಎತ್ತಿದರು. ನಾನು ಕಣ್ಣು ಮುಚ್ಚಿಕೊಂಡೆ. ಕ್ಲಾವೆ ನಡೆಯುತ್ತಿರುವ ತನಕ ಯಾರೂ ಕೈ ಇಳಿಸುವ ಹಾಗಿಲ್ಲ; ಪಾಪ, ಯಾರೂ ಇಳಿಸಲಿಲ್ಲ. ಕೋಂಗಾದ ಮುಂದಿದ್ದ ನರ್ಸ್ ನನ್ನನ್ನು ದುರುಗುಟ್ಟಿ ನೋಡುತ್ತಾ ಬಾರಿಸಿದಳು. ಮೇಷ್ಟ್ರಿಗೆ ಇದ್ದ ಚರಣಗಳೆಲ್ಲ ಮುಗಿದವು. ಹೊಸದಾಗಿ ಕಟ್ಟಿ ಹಾಡಲು ಶುರು ಮಾಡಿದರು. ಮೊದಲು ಹವಾಮಾನದ ಮೇಲೆ, ಆಮೇಲೆ ವಿಮಾನದಲ್ಲಿ ಕೊಟ್ಟ ಬಿಸ್ಕೀಟಿನ ಮೇಲೆ, ಆಮೇಲೆ ಹಟಮಾರಿ ಹೆಂಗಸೊಬ್ಬಳ ಮೇಲೆ. ಎಲ್ಲ ಸ್ಪ್ಯಾನಿಷ್ ಭಾಷೆಯಲ್ಲಿ; ಇದನ್ನು ನರ್ಸ್ ನನಗೆ ವಾಪಸ್ ಬರುವಾಗ ವಿಮಾನದಲ್ಲಿ ಬಿಡಿಸಿ ಹೇಳಿದಳು. ಜನಕ್ಕೆ ಏನು ಗೊತ್ತು? ಎದ್ದು ಕುಣಿಯತೊಡಗಿದರು. ನಮ್ಮ ನಂತರ ಬಾರಿಸಬೇಕಿದ್ದ ಗುಂಪಿನವರೂ ಸರದಿ ಮರೆತು ಕುಣಿದರು.

ಫೋನು ಮತ್ತೆ ಬೆಳಗಿತು. 'ಇನ್ನೊಂದು ರೌಂಡ್ ಹೊಡೀತೀನಿ.'

ಮೇಷ್ಟ್ರು ಬೆವರು ಸುರಿಸುತ್ತಾ, ಹಾಡುತ್ತಲೇ ನನ್ನ ಕಿವಿಯ ಹತ್ತಿರ ಬಂದರು. ರಾಗದಲ್ಲೇ ಕೇಳಿದರು, "ಸೆನ್ಯೋರಾ, ಯಾಕೆ ನಿಲ್ಲಿಸುತ್ತಿಲ್ಲ?"

"ಮಗಳಿಗೆ ಪಾರ್ಕಿಂಗ್ ಸಿಕ್ಕಿಲ್ಲ."

ಅವರು ನನ್ನ ಮುಖವನ್ನೇ ಒಂದು ಸುತ್ತು ನೋಡಿದರು. ಆಮೇಲೆ ಜನರ ಕಡೆ ತಿರುಗಿ, ಒಂದು ಕೈಯಿಂದ ಡೋಲು ಬಾರಿಸುತ್ತಲೇ ಇನ್ನೊಂದು ಕೈ ಮೇಲೆತ್ತಿ, ಹೊಸ ಪಲ್ಲವಿ ಎತ್ತಿಕೊಂಡರು: "ಪಾರ್ಕಿಂಗ್, ಪಾರ್ಕಿಂಗ್, ಆಯ್ ಪಾರ್ಕಿಂಗ್!" ಇಡೀ ಪಾರ್ಕು ಹಿಂದೆ ಹಾಡಿತು. ನನ್ನ ಮಗಳಿಗೆ ಜಾಗ ಸಿಗಲಿ ಎಂದು ಗುರುತು ಪರಿಚಯವಿಲ್ಲದ ಜನ ಚಪ್ಪಾಳೆ ತಟ್ಟಿ ಪ್ರಾರ್ಥನೆ ಮಾಡಿದ ಹಾಗಿತ್ತು.

ಆಗ ಕಂಡಳು. ಕೈಯಲ್ಲಿ ಕಾರಿನ ಕೀ, ಕೂದಲು ಕೆದರಿ, ಓಡಿ ಬಂದು ಜನರ ಅಂಚಿನಲ್ಲಿ ನಿಂತಳು. ವಿಡಿಯೋ ತೆಗೆಯಲು ಫೋನ್ ಎತ್ತಿದಳು. ಏನನ್ನಿಸಿತೋ, ಇಳಿಸಿದಳು. ಬರೀ ಕಣ್ಣಿಂದ ನೋಡಿದಳು. ನಾನು ಅವಳಿಗಾಗಿ ಪೂರ್ತಿ ನಾಲ್ಕು ಸುತ್ತು ಬಾರಿಸಿದೆ, ಒಂದು ಪೆಟ್ಟೂ ತಪ್ಪಲಿಲ್ಲ. ಆಮೇಲೆ ನಿಲ್ಲಿಸಿದೆ. ಎಲ್ಲವೂ ನಿಂತಿತು.

ವೇದಿಕೆಯ ಹಿಂದೆ ಬಂದು ಅಪ್ಪಿಕೊಂಡಳು. "ಅಮ್ಮಾ, ಅವ್ರೆಲ್ಲ ನಿನ್ನ ಕೈ ನೋಡ್ಕೊಂಡು ಬಾರಿಸ್ತಿದ್ರು! ನಂಗೆ ಗೊತ್ತೇ ಇರ್ಲಿಲ್ಲ..." ಮೇಷ್ಟ್ರ ಕಡೆ ತಿರುಗಿ, "ನಾನು ಲೇಟಾಗಿಲ್ಲ ತಾನೆ?" ಎಂದಳು.

ಮೇಷ್ಟ್ರು ತಂಪು ಪಾನೀಯದ ಪೆಟ್ಟಿಗೆಯ ಐಸಿನೊಳಗೆ ಎರಡೂ ಕೈ ಮುಳುಗಿಸಿ ಕೂತಿದ್ದರು. "ಇಲ್ಲ ಇಲ್ಲ, ಸರಿಯಾದ ಸಮಯಕ್ಕೇ ಬಂದಿರಿ" ಎಂದರು.

ಅವಳು ನನ್ನ ಕೈ ಹಿಡಿದುಕೊಂಡೇ ಗಡಿಯಾರ ನೋಡಿದಳು. "ಅಮ್ಮಾ, ಸಿಕ್ಕಿದ್ದು ಹದಿನೈದು ನಿಮಿಷದ ಜಾಗ. ಫೈನ್ ಹಾಕ್ತಾರೆ. ಹೊರಡ್ಲಾ?"

"ಹೊರಡವಾ. ಸಾವಕಾಶ ಹೋಗು."

ಹೋದಳು. ಮರಗಳ ಆಚೆ ಮರೆಯಾಗುವ ತನಕ ಕೀ ಎತ್ತಿ ಹಿಡಿದು ಕೈ ಬೀಸುತ್ತಲೇ ಹೋದಳು. ಮರೆಯಾದ ಮೇಲೂ ನಾನು ಅಲ್ಲೇ ನಿಂತಿದ್ದೆ.

ಮೇಷ್ಟ್ರು ಎದ್ದು ಬಂದು ನನ್ನ ಪಕ್ಕ ನಿಂತರು. ಊದಿದ ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಹೋದ ದಿಕ್ಕನ್ನೇ ಅವರೂ ಸ್ವಲ್ಪ ಹೊತ್ತು ನೋಡಿದರು.

"ಬಹಳ ಒಳ್ಳೆಯ ಹುಡುಗಿ, ಸೆನ್ಯೋರಾ" ಎಂದರು. "ಮುಂದಿನ ಸಲ ದಯವಿಟ್ಟು ಟ್ರ್ಯಾಮಿನಲ್ಲಿ ಬರಲು ಹೇಳಿ."