ಹತ್ತು ಲೀಟರ್ ಪೆಟ್ರೋಲಿಗೊಂದು ಜಾಗ

ಕ್ಯಾನನ್ನು ಗಾಡಿಯ ಒಳಗಿಡಲು ಹೊರಟಿದ್ದೇ ತಪ್ಪಾಯಿತು. ಅದೂ ಬೆಳಗಿನ ಆರು ಗಂಟೆಗೆ, ಬೀದಿಯವರೆಲ್ಲ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿರುವ ಹೊತ್ತಿನಲ್ಲಿ, ಅವರ ಕಣ್ಣೆದುರಿಗೇ ಎತ್ತಿಕೊಂಡು ಹೋಗಿದ್ದು ಇನ್ನೂ ದೊಡ್ಡ ತಪ್ಪು. ಕೆಂಪು ಬಣ್ಣದ ಹತ್ತು ಲೀಟರಿನ ಕ್ಯಾನು. ಒಳಗಿದ್ದದ್ದು ಪೆಟ್ರೋಲು.

ಎತ್ತಿಕೊಂಡವರು ಲಿಫ್ಟ್ ಮಾಸ್ತರು. ಎಂಟು ಮಹಡಿಯ ಆಫೀಸೊಂದರ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಮೂವತ್ತನಾಲ್ಕು ವರ್ಷ ಮೇಲೆ ಕೆಳಗೆ ಓಡಾಡಿ ನಿವೃತ್ತರಾದ ಮನುಷ್ಯ. ಅಷ್ಟು ವರ್ಷದಲ್ಲಿ ಒಂದಡಿ ಮುಂದಕ್ಕೆ ಹೋಗಿದ್ದಿಲ್ಲ. ಯಾರು ಯಾವ ಮಹಡಿ ಅಂದರೂ ಆ ಗುಂಡಿ ಒತ್ತುವುದೇ ಕೆಲಸವಾಗಿದ್ದರಿಂದ ‘ಆಗಲ್ಲ’ ಎನ್ನುವ ಮಾತು ಅವರ ನಾಲಿಗೆಗೆ ಹತ್ತಲೇ ಇಲ್ಲ. ನಿವೃತ್ತಿಯಾದ ಮೇಲೆ ಹಳೆಯ ಪಿಕಪ್ ಒಂದನ್ನು ಕೊಂಡು ಅದರ ಬೆನ್ನ ಮೇಲೆ ತಗಡಿನ ಕೋಣೆ ಕೂರಿಸಿದರು. ಒಳಗೆ ಇಬ್ಬರಿಗೆ ಮಂಚ, ಗ್ಯಾಸ್ ಒಲೆ, ಒಂದು ಕಿಟಕಿ. ಮಾಸ್ತರು ಅದನ್ನು ಗಾಡಿಮನೆ ಎನ್ನುತ್ತಿದ್ದರು. ಬೀದಿಯವರು ಕಪಾಟು ಎನ್ನುತ್ತಿದ್ದರು.

ಇವತ್ತು ಅದರ ಮೊದಲ ಪ್ರಯಾಣ. ಮೋಜಿಗಲ್ಲ. ಹೆಂಡತಿಯ ಅಕ್ಕನಿಗೆ ನಾಳೆ ಸಂಜೆ ಆಪರೇಷನ್. ಅಕ್ಕ ತಂಗಿ ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ‘ನೀನು ಬಂದು ಕೈ ಹಿಡ್ಕೊಂಡ್ರೆ ಮಾತ್ರ ನಾನು ಒಳಗೆ ಹೋಗ್ತೀನಿ’ ಎಂದು ಅಕ್ಕ ಫೋನಿನಲ್ಲಿ ಅತ್ತಿದ್ದರು. ಹೆಂಡತಿಗೋ ಮಲಗಿದಾಗ ಉಸಿರು ನಿಂತು ನಿಂತು ಬರುವ ಕಾಯಿಲೆ. ಮೂಗಿಗೆ ಗಾಳಿ ಊದುವ ಯಂತ್ರವಿಲ್ಲದೆ ಕಣ್ಣು ಮುಚ್ಚುವಂತಿಲ್ಲ. ಹಳೆಯ ಗಾಡಿ ನಿಧಾನ, ದಾರಿಯಲ್ಲಿ ಒಂದು ರಾತ್ರಿ ತಂಗಬೇಕು. ಯಂತ್ರಕ್ಕೆ ಕರೆಂಟು ಬೇಕು, ಕರೆಂಟಿಗೆ ಜನರೇಟರ್ ಬೇಕು, ಜನರೇಟರಿಗೆ ಆ ಕ್ಯಾನು ಬೇಕು.

ಎದುರು ಮನೆಯ ಬೆಂಕಿ ಮಾಮ ಬಾಯಿಯ ನೊರೆ ಉಗಿದು ಓಡಿ ಬಂದರು. ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು. ಬೀದಿಯಲ್ಲಿ ಯಾರ ಮನೆಯ ಒಗ್ಗರಣೆ ಸೀದರೂ ಮೊದಲು ಹಾಜರಾಗುವವರು. ಮಲಗುವ ಕೋಣೆಯಲ್ಲಿ ಪೆಟ್ರೋಲಿಟ್ಟರೆ ಆವಿ ತುಂಬಿಕೊಳ್ಳುತ್ತದೆ, ಬೆಳಿಗ್ಗೆ ಒಲೆ ಹಚ್ಚಿದರೆ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ, ಕಪಾಟೂ ಇಲ್ಲ ಎಂದರು. ಮಾತು ಸರಿಯೇ. ಆ ದಿನ ಯಾರು ಹೇಳಿದ್ದೂ ಸುಳ್ಳಲ್ಲ, ಅದೇ ತಾಪತ್ರಯ.

ಮಾಸ್ತರು ಕ್ಯಾನನ್ನು ತಲೆಯ ಮೇಲೆ ಹೊತ್ತು ಏಣಿ ಹತ್ತಿ ಚಾವಣಿಗೆ ಕಟ್ಟಿದರು. ಪಕ್ಕದ ಮನೆಯ ವಿಮೆ ಏಜೆಂಟ್ ಕಾಫಿ ಲೋಟ ಹಿಡಿದು ಬಂದು ಕತ್ತೆತ್ತಿ ನೋಡಿದ. ಬಿಸಿಲಿಗೆ ಕ್ಯಾನು ಉಬ್ಬುತ್ತದೆ, ಆಮೇಲೆ ವಿಮೆ ಕಂಪನಿಯವರು ಈ ಕಡೆ ತಿರುಗಿಯೂ ನೋಡುವುದಿಲ್ಲ ಎಂದ. ಕ್ಯಾನು ಇಳಿಯಿತು. ಹಿಂದಿನ ಬಂಪರಿಗೆ ಕಟ್ಟಿದರು. ಬೀದಿ ಕಮಿಟಿಯ ಅಧ್ಯಕ್ಷೆ ಬಂದರು. ಹಿಂದಿನಿಂದ ಯಾವನಾದರೂ ಗುದ್ದಿದರೆ ಗತಿಯೇನು ಎಂದು ಕೇಳಿದರು. ಮುಂದಕ್ಕೆ ತಂದರೆ ಇಂಜಿನ್ನಿನ ಬಿಸಿ. ಕೆಳಗೆ ಕಟ್ಟಿದರೆ ರಸ್ತೆಯ ಕಲ್ಲು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಹತ್ತು ಜನ ಸೇರಿ ಒಂದು ಕ್ಯಾನು ಕೂರಿಸಲಾಗಲಿಲ್ಲ.

ಹೆಂಡತಿ ಆರು ಗಂಟೆಯಿಂದ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಯಂತ್ರದ ಚೀಲ ಇಟ್ಟುಕೊಂಡು ಕೂತಿದ್ದರು. ಒಂಬತ್ತು ಗಂಟೆಗೆ ತಲೆ ಹೊರಗೆ ಹಾಕಿ ಹೊರಡೋಣವೇ ಎಂದು ಕೇಳಿದರು. ಒಂದೇ ನಿಮಿಷ ಎಂದರು ಮಾಸ್ತರು. ಅಲ್ಲಿಂದ ಹೆಂಡತಿ ಮಾತು ಬಿಟ್ಟರು.

ಕೊನೆಗೆ ಬೆಂಕಿ ಮಾಮ ತೀರ್ಪು ಕೊಟ್ಟರು. ಗಾಡಿಯ ಪಕ್ಕಕ್ಕೆ, ಹೊರಗಡೆ, ಕಬ್ಬಿಣದ ಪೆಟ್ಟಿಗೆ ಕೂರಿಸಬೇಕು. ಗಾಳಿಯಾಡಲು ತೂತು, ಮುಚ್ಚಳಕ್ಕೆ ಬೀಗ, ಒಳಗೆ ಕ್ಯಾನು ಅಲ್ಲಾಡದೆ ನೆಟ್ಟಗೆ ನಿಲ್ಲಲು ಪಟ್ಟಿ. ವೆಲ್ಡರ್ ಬಂದಾಗ ಹನ್ನೊಂದಾಗಿತ್ತು. ಕಿಡಿ ಹಾರುವ ಮೊದಲು ಕ್ಯಾನು ನೂರು ಹೆಜ್ಜೆ ದೂರ ಹೋಗಬೇಕೆಂದು ಮಾಮ ಅಪ್ಪಣೆ ಕೊಟ್ಟರು. ಯಾರಾದರೂ ಎರಡು ಗಂಟೆ ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಮಾಸ್ತರು ಬೇಡಿದರು. ಮಕ್ಕಳು ಮರಿ ಇರುವ ಮನೆಯಲ್ಲಿ ಪೆಟ್ರೋಲು ಇಡುವುದುಂಟೇ ಎಂದು ಅಧ್ಯಕ್ಷೆ ಕಣ್ಣು ಬಿಟ್ಟರು. ಏಜೆಂಟ್ ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಮಾಸ್ತರು ಬೀದಿಯ ಕೊನೆಯ ಪಾರ್ಕಿಗೆ ಹೋಗಿ, ಮೊಣಕಾಲುಗಳ ನಡುವೆ ಕ್ಯಾನು ಇಟ್ಟುಕೊಂಡು ಬೆಂಚಿನ ಮೇಲೆ ಕೂತರು. ಗಡ್ಡ ಕೆರೆದಿರಲಿಲ್ಲ, ತಿಂಡಿ ತಿಂದಿರಲಿಲ್ಲ. ಉಸ್ಸೆಂದು ಒಂದು ನಿಟ್ಟುಸಿರು ಬಿಟ್ಟರು. ಅಷ್ಟೇ ಸಾಕಾಯಿತು. ದಾರಿಯಲ್ಲಿ ಹೋಗುತ್ತಿದ್ದ ದಂಪತಿ ಗಕ್ಕನೆ ನಿಂತರು. ಆ ಹೆಂಗಸು ಬಂದು ಮೆಲ್ಲಗೆ ಪಕ್ಕದಲ್ಲಿ ಕೂತು, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ವಿಚಾರಿಸಿದರು. ಹೆಂಡತಿ ಮಾತು ಬಿಟ್ಟಿದ್ದಾಳೆ, ನನಗೂ ಇದಕ್ಕೂ ಈ ಬೀದಿಯಲ್ಲಿ ಜಾಗವಿಲ್ಲ ಎಂದು ಮಾಸ್ತರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೆಂಗಸು ಎರಡೂ ಕೈಯಲ್ಲಿ ಕ್ಯಾನನ್ನು ತಬ್ಬಿ ಹಿಡಿದರು.

“ಸಂಸಾರ ಅಂದ್ಮೇಲೆ ಇದ್ದಿದ್ದೇ ಅಣ್ಣ. ದುಡುಕಬೇಡಿ. ನಾಳೆ ಎಲ್ಲಾ ಸರಿಹೋಗುತ್ತೆ.”

ನಾಳೆ ಸಂಜೆಯೊಳಗೆ ತಲುಪದಿದ್ದರೆ ಯಾವುದೂ ಸರಿಹೋಗುವುದಿಲ್ಲ ಎಂದರು ಮಾಸ್ತರು. ಅದನ್ನು ಕೇಳಿ ಹೆಂಗಸಿನ ಗಂಡನೂ ಬಂದು ಕ್ಯಾನು ಹಿಡಿದುಕೊಂಡರು. ಪೂರ್ತಿ ಒಂದೂವರೆ ಗಂಟೆ ಅವರಿಬ್ಬರೂ ಬದುಕು ಎಷ್ಟು ಚೆನ್ನಾಗಿದೆ ಎಂದು ತಿಳಿಹೇಳಿದರು. ಅಷ್ಟು ಪ್ರೀತಿಯಿಂದ ಯಾರೂ ಮಾತಾಡಿಸಿ ಬಹಳ ವರ್ಷವಾಗಿದ್ದರಿಂದ ಮಾಸ್ತರು ಒಂದೆರಡು ಹನಿ ಅತ್ತೂ ಬಿಟ್ಟರು. ಆಮೇಲೆ ಇಬ್ಬರೂ ಅವರನ್ನು ಆ ಕಡೆ ಈ ಕಡೆ ಹಿಡಿದುಕೊಂಡು ಗಾಡಿಯ ಹತ್ತಿರ ತಂದು, ಇವರನ್ನು ಒಂಟಿಯಾಗಿ ಬಿಡಬೇಡಿ, ಒಂದು ಒಳ್ಳೆಯ ಮಾತಾಡಿ ಎಂದು ಹೆಂಡತಿಗೆ ಬುದ್ಧಿ ಹೇಳಿದರು. ಹೆಂಡತಿ ಗಂಡನನ್ನೂ ಕ್ಯಾನನ್ನೂ ನೋಡಿ, ಒಳ್ಳೆಯ ಮಾತು ಒಂದೂ ಸಿಗದೆ, ಗಾಜು ಏರಿಸಿಕೊಂಡರು.

ನಾಲ್ಕು ಗಂಟೆಗೆ ಪೆಟ್ಟಿಗೆ ಸಿದ್ಧವಾಯಿತು, ಬಣ್ಣವೂ ಒಣಗಿತು. ಮಾಡುವುದು ಮಾಡುತ್ತೇನೆ, ದೊಡ್ಡದಾಗಿಯೇ ಇರಲಿ ಎಂದು ವೆಲ್ಡರ್ ಒಬ್ಬ ಮನುಷ್ಯ ಮಲಗುವಷ್ಟು ಉದ್ದ ಮಾಡಿದ್ದ. ಮೂಲೆಯಲ್ಲಿ ಆ ಒಂದೇ ಕ್ಯಾನು ಗುಬ್ಬಿಮರಿಯ ಹಾಗೆ ಕೂತಿತು. ಬೆಂಕಿ ಮಾಮ ಪೆಟ್ಟಿಗೆಯನ್ನು ಗುದ್ದಿ, ಅಲ್ಲಾಡಿಸಿ, ಮೂಸಿ ನೋಡಿ ತಲೆದೂಗಿದರು.

“ಮಾಸ್ತರೇ, ಈ ಬೀದಿಯಲ್ಲಿ ಇಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ.”

ಈಗ ಹೊರಟರೂ ರಾತ್ರಿ ಎಲ್ಲಾದರೂ ತಂಗಿ ನಾಳೆ ಸಂಜೆಗೆ ಮೊದಲು ಅಕ್ಕನ ಹತ್ತಿರ ಇರಬಹುದಿತ್ತು. ಹೆಂಡತಿ ಗಾಜು ಇಳಿಸಿ ಬೆಲ್ಟು ಹಾಕಿಕೊಂಡರು. ಮುಖದಲ್ಲಿ ಸ್ವಲ್ಪ ಗೆಲುವೂ ಕಂಡಿತು. ಮಾಸ್ತರು ಕೀ ತಿರುಗಿಸಬೇಕು, ಅಷ್ಟರಲ್ಲಿ ಬಾಗಿಲು ತಟ್ಟಿದ ಶಬ್ದ. ಅಧ್ಯಕ್ಷೆ. ಕೈಯಲ್ಲಿ ಒಂದು ಕ್ಯಾನು.

ಕರೆಂಟು ಆಗಾಗ ಹೋಗುತ್ತದಲ್ಲ, ಮನೆಯ ಜನರೇಟರಿಗೆಂದು ಮೆಟ್ಟಿಲ ಕೆಳಗೆ ಇಟ್ಟಿದ್ದೆ, ಬೆಳಿಗ್ಗೆಯಿಂದ ಮಾಮ ಹೇಳಿದ್ದು ಕೇಳಿ ಎದೆ ಢವಢವ ಅನ್ನುತ್ತಿದೆ, ನಿಮ್ಮ ಪೆಟ್ಟಿಗೆಯಲ್ಲಿ ಜಾಗ ಇದೆಯಲ್ಲ ಎಂದರು. ಇಟ್ಟೂಬಿಟ್ಟರು. ಅವರ ಹಿಂದೆ ವಿಮೆ ಏಜೆಂಟ್, ಅಡುಗೆಮನೆಯ ಸಿಂಕಿನ ಕೆಳಗಿದ್ದ ಎರಡು ಕ್ಯಾನು ಹಿಡಿದು. ಅವನ ಹಿಂದೆ ಮೂರು ಮನೆಯವರು. ಕೊನೆಯಲ್ಲಿ ಬೆಂಕಿ ಮಾಮ, ಎರಡು ಕೈಯಲ್ಲೂ ಒಂದೊಂದು. ಅವರ ಮಂಚದ ಕೆಳಗೆ ಇದ್ದವಂತೆ.

“ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ” ಎಂದರು ಹೆಂಡತಿ, ಮಾಮನಿಗೆ ಕೇಳುವ ಹಾಗೆಯೇ. ಮಾಮ ಕೇಳಿಸಿಕೊಳ್ಳಲಿಲ್ಲ. ಅವರು ಒಂಬತ್ತು ಕ್ಯಾನು ಎಣಿಸಿ, ಇಷ್ಟು ಪೆಟ್ರೋಲು ಹೊತ್ತ ಗಾಡಿ ರಸ್ತೆಗಿಳಿದರೆ ಅಪರಾಧ, ಇದು ಇಲ್ಲಿಂದ ಅಲ್ಲಾಡಕೂಡದು ಎಂದು ಘೋಷಿಸುತ್ತಿದ್ದರು. ಅದೂ ಸರಿಯಾದ ಮಾತೇ.

ಹೆಂಡತಿ ಗಂಡನ ತೋಳು ಹಿಡಿದರು. “ತೆಗೀರಿ ಅನ್ರೀ. ಒಂದೇ ಮಾತು. ನಿಮ್ಮ ಬಾಯಿಂದ ಒಂದ್ಸಲ ಕೇಳ್ತೀನಿ.”

ಮಾಸ್ತರು ಬಾಯಿ ತೆರೆದರು. ಅಷ್ಟೂ ಮುಖಗಳು ಅವರನ್ನೇ ನೋಡುತ್ತಿದ್ದವು. “ಒಂದೇ ನಿಮಿಷ ಕಣೇ” ಎಂದರು. ಥೂ, ಮನುಷ್ಯನ ಬೆನ್ನುಮೂಳೆ ಇಷ್ಟು ಮೆತ್ತಗಿರಬಾರದು.

ಹೆಂಡತಿ ಯಂತ್ರದ ಚೀಲ, ಬಟ್ಟೆಯ ಚೀಲ ಎರಡನ್ನೂ ಹೆಗಲಿಗೆ ಹಾಕಿಕೊಂಡು ಇಳಿದರು. ಐದು ಗಂಟೆಗೆ ಒಂದು ಬಸ್ಸಿತ್ತು, ಬೆಳಿಗ್ಗೆ ತಲುಪುತ್ತದೆ.

“ಬಸ್ಸಲ್ಲಿ ಯಂತ್ರ ಹಾಕೋಕಾಗಲ್ವಲ್ಲೇ?”

“ನಿದ್ದೆ ಮಾಡಲ್ಲ. ಕೂತೇ ಇರ್ತೀನಿ.”

ಬಸ್ಸಿನವರೆಗಾದರೂ ಬರುತ್ತೇನೆಂದು ಮಾಸ್ತರು ಎರಡು ಹೆಜ್ಜೆ ಇಟ್ಟರು. ತೊಂಬತ್ತು ಲೀಟರ್ ಪೆಟ್ರೋಲು ಬಿಟ್ಟು ಎಲ್ಲಿಗೆ ಹೋಗುತ್ತೀರಿ, ಯಾರಾದರೂ ಕಾಯಬೇಕಲ್ಲ ಎಂದು ಬೆಂಕಿ ಮಾಮ ಗದರಿದರು. ಮಾಸ್ತರು ನಿಂತರು. ಹೆಂಡತಿ ತಿರುಗಿ ನೋಡಲಿಲ್ಲ.

ಆರೂಮುಕ್ಕಾಲಿಗೆ ಬೀದಿಯ ಕರೆಂಟು ಹೋಯಿತು.

ಎಲ್ಲರೂ ಟಾರ್ಚು ಹಿಡಿದು ಪೆಟ್ಟಿಗೆಗೆ ಮುತ್ತಿದರು. ನನ್ನದು ಕೊಡಿ, ನನ್ನದು ಕೊಡಿ ಎಂದು ಕತ್ತಲಲ್ಲೇ ಎಳೆದಾಡಿಕೊಂಡು, ಸಿಕ್ಕಿದವರು ಸಿಕ್ಕಿದ್ದನ್ನು ಹೊತ್ತುಕೊಂಡು ಓಡಿದರು. ಹತ್ತು ನಿಮಿಷದಲ್ಲಿ ಬೀದಿಯ ತುಂಬ ಜನರೇಟರುಗಳ ಗುಡುಗುಡು, ಮನೆ ಮನೆಯಲ್ಲೂ ದೀಪ. ಮಾಸ್ತರು ಪೆಟ್ಟಿಗೆಯೊಳಗೆ ಕೈಯಾಡಿಸಿದರು. ಮೂಲೆಯಿಂದ ಮೂಲೆಗೆ ಕೈಗೆ ಸಿಕ್ಕಿದ್ದು ಬರೀ ತಗಡು. ಅವರ ಕೆಂಪು ಕ್ಯಾನು ಕೂಡ ಯಾರದೋ ಮನೆಯ ದೀಪವಾಗಿ ಉರಿಯುತ್ತಿತ್ತು.

ಖಾಲಿ ಪೆಟ್ಟಿಗೆ ನೋಡುತ್ತ ನಿಂತವರಿಗೆ ಒಂದು ವಿಷಯ ಹೊಳೆಯಿತು. ಈಗ ಗಾಡಿ ಹೊರಡಬಹುದು. ತಡೆಯಲು ಏನೂ ಇಲ್ಲ, ಯಾರೂ ಇಲ್ಲ. ಮಲಗದೇ ಓಡಿಸಿದರೆ ನಾಳೆ ಮಧ್ಯಾಹ್ನದೊಳಗೆ ಅಲ್ಲಿ. ಯಂತ್ರವೇ ಇಲ್ಲದ ಮೇಲೆ ಜನರೇಟರೂ ಬೇಡ, ಪೆಟ್ರೋಲಿನ ಕ್ಯಾನೂ ಬೇಡ. ಹೆಂಡತಿಗೆ ಫೋನು ಮಾಡಿದರು. ಬಸ್ಸಿನ ಸದ್ದಿನ ನಡುವೆ ಆಕೆಯ ದನಿ ಕೇಳಿತು.

“ಪೆಟ್ಟಿಗೆ ಖಾಲಿಯಾಯ್ತು ಕಣೇ. ಈಗಲೇ ಹೊರಟು ಬರ್ತೀನಿ.”



“ಹೊರಡಿ ಅಂತ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಅದಕ್ಕೇ ಮಾಸ್ತರು ಇನ್ನೂ ಅಲ್ಲೇ ನಿಂತಿದ್ದರು.