ಚಿಕ್ಕಮ್ಮನಿಗಾಗಿ ಒಂದು ಪ್ರೊಜೆಕ್ಟರ್

ಕೆಲಸ ಮಾಡುವ ಜಾಗದಲ್ಲಿ ಯಾವ ಯಂತ್ರವನ್ನೂ ರಿಪೇರಿ ಮಾಡಬಾರದು. ಒಮ್ಮೆ ಮಾಡಿದಿರೋ, ಮುಗಿಯಿತು ನಿಮ್ಮ ಕಥೆ. ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿಕೊಂಡು ನನ್ನ ಪಾಡಿಗೆ ಇದ್ದವನು. ಯಾವುದೋ ಕೆಟ್ಟ ಗಳಿಗೆಯಲ್ಲಿ ಸ್ಟಾಫ್ ರೂಮಿನ ಪ್ರಿಂಟರ್ ಪ್ಲಗ್ಗನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಹಾಳಾದ್ದು, ಕೆಲಸ ಮಾಡಿಬಿಟ್ಟಿತು! ಅವತ್ತಿನಿಂದ ವೈರ್ ಇರುವುದೆಲ್ಲ ನನ್ನ ತಲೆಗೇ. ಮೈಕ್ ಕಿರುಚಿದರೆ ನಾನು, ಫ್ಯಾನ್ ನಿಂತರೆ ನಾನು, ಪ್ರಿನ್ಸಿಪಾಲರ ಕಾಲಿಂಗ್ ಬೆಲ್ ಕೆಟ್ಟರೂ ನಾನು. ಅದು ಈಗಲೂ ಕೆಟ್ಟೇ ಇದೆ. ಆದ್ದರಿಂದ ನನ್ನನ್ನು ಬಾಯಿಬಿಟ್ಟು ಕೂಗಿ ಕರೆಯುತ್ತಾರೆ.

ಹೀಗಿರುವಾಗ ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಹಳೆಯ ಕನ್ನಡ ಸಿನಿಮಾ ತೋರಿಸುವುದೆಂದು ತೀರ್ಮಾನವಾಯಿತು. ಪ್ರೊಜೆಕ್ಟರ್ ಯಾರು ಆರಿಸಬೇಕೆಂದು ಯಾರೂ ಕೇಳಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು. ಸಿನಿಮಾ ಯಾವುದೆಂದು ಮಾತ್ರ ನಾನು ಆರಿಸಿದೆ, ಅಂದರೆ ನನ್ನ ಹೆಂಡತಿ ಸುಮಾ ಆರಿಸಿದಳು. ನಿಟ್ಟೂರಿನಲ್ಲಿರುವ ಅವಳ ಗಂಗಮ್ಮ ಚಿಕ್ಕಮ್ಮ ಆ ಸಿನಿಮಾದಲ್ಲಿದ್ದಾರೆ. ಹುಡುಗಿಯಾಗಿದ್ದಾಗ ಗೆಳತಿ ರಂಗಿಯ ಜೊತೆ ದೇವರಾಯನದುರ್ಗಕ್ಕೆ ಹೋಗಿದ್ದರಂತೆ. ಅಲ್ಲಿ ಶೂಟಿಂಗ್ ನಡೆಯುತ್ತಿತ್ತಂತೆ. ಇಬ್ಬರ ಸೊಂಟಕ್ಕೂ ಒಂದೊಂದು ಕೊಡ ಏರಿಸಿ, ಹೀರೋನ ಮುಂದೆ ನಕ್ಕೊಂಡು ಹೋಗಿ ಅಂದರಂತೆ. ಆಮೇಲೆ ಮದುವೆಯಾಯಿತು. ಗಂಡನ ಮನೆಯವರಿಗೆ ಸಿನಿಮಾ ಅಂದರೆ ಆಗುತ್ತಿರಲಿಲ್ಲ. ಆ ಸಿನಿಮಾ ಬಂದದ್ದೂ ಹೋದದ್ದೂ ಚಿಕ್ಕಮ್ಮನಿಗೆ ಗೊತ್ತಾಗಲಿಲ್ಲ. ಈಗ, ಈ ವಯಸ್ಸಿನಲ್ಲಿ, ಯಾರೋ ಮೊಬೈಲಿನಲ್ಲಿ ತೋರಿಸಿದ್ದಾರೆ. "ಕಡ್ಲೆಕಾಳಷ್ಟು ಕಾಣ್ತೀನಿ ಅಳಿಯಂದ್ರೇ. ಒಂದ್ಸಲ ದೊಡ್ಡದಾಗಿ ನೋಡ್ಬುಟ್ರೆ ಸಾಕು ನಂಗೆ" ಎಂದು ಫೋನಿನಲ್ಲಿ ಹೇಳಿದರು. ಸುಮಾ ಅದಕ್ಕೆ ಸೇರಿಸಿದಳು: "ರೀ, ಚಿಕ್ಕಮ್ಮನ ಮುಖ ಸರಿಯಾಗಿ ಕಾಣ್ಲಿಲ್ಲ ಅಂದ್ರೆ ನೋಡಿ ಮತ್ತೆ." ನೋಡಿದರೆ ಏನಾಗುತ್ತದೆಂದು ಹೇಳಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಹೇಳಬೇಕಾಗಿಯೂ ಇಲ್ಲ.

ತೊಂದರೆ ಇದ್ದದ್ದು ಸಭಾಂಗಣದಲ್ಲಿ. ಕಟ್ಟಿಸಿದ ಪುಣ್ಯಾತ್ಮರು ಗಾಳಿ ಬೆಳಕು ಧಾರಾಳವಾಗಿರಲಿ ಎಂದು ಎರಡೂ ಕಡೆ ಆಳೆತ್ತರದ ಕಿಟಕಿ ಇಡಿಸಿದ್ದಾರೆ. ಪರದೆಗಳಿಲ್ಲ. ಕಾರ್ಯಕ್ರಮ ಸಂಜೆ ಇಟ್ಟುಕೊಳ್ಳೋಣ ಸಾರ್ ಎಂದರೆ ಪ್ರಿನ್ಸಿಪಾಲರು, "ಊರ್ಡಿಗೆರೆ ಕಡೆ ಹೆಣ್ಮಕ್ಕಳಿಗೆ ಬಸ್ ತಪ್ಪಿದ್ರೆ ನೀವು ಮನೆಗೆ ಬಿಟ್ಟು ಬರ್ತೀರೇನ್ರೀ?" ಎಂದರು. ಅಲ್ಲಿಗೆ ಹಾಡುಹಗಲಲ್ಲೇ ಸಿನಿಮಾ ಎಂದಾಯಿತು. ಕ್ಲಾಸ್ ರೂಮಿನ ಪ್ರೊಜೆಕ್ಟರ್ ತಂದು ಹಾಕಿ ನೋಡಿದೆ. ಗೋಡೆಯ ಮೇಲೆ ಏನೋ ಅಲ್ಲಾಡುತ್ತಿತ್ತು, ಹೀರೋನೋ ಹಲ್ಲಿಯೋ ತಿಳಿಯಲಿಲ್ಲ. ಆಮೇಲೆ ಸಲಹೆಗಳು ಶುರುವಾದವು. ಭೌತಶಾಸ್ತ್ರದವರು ಬೆಳಕನ್ನು ಲ್ಯೂಮೆನ್ನಲ್ಲಿ ಅಳೆಯಬೇಕು ಎಂದು ಬೋರ್ಡಿನ ಮೇಲೆ ಚಿತ್ರ ಬರೆದರು. ಪ್ರೊಜೆಕ್ಟರ್ ಅಂಗಡಿಯವನು ಹೊಸದೇ ಕೊಳ್ಳಿ ಎಂದ. ಪ್ರಿನ್ಸಿಪಾಲರು ಬಾಡಿಗೆಗೇ ತನ್ನಿ ಎಂದರು. ರಾತ್ರಿ ಕನಸಿನಲ್ಲೂ ಲ್ಯೂಮೆನ್ನುಗಳು ಬರತೊಡಗಿದವು. ನಿಜ ಹೇಳುತ್ತೇನೆ, ಬಾಡಿಗೆ ಪ್ರೊಜೆಕ್ಟರ್ ಹುಡುಕಿ ಅಲೆದಷ್ಟು ನನ್ನ ಮದುವೆಗೆ ಹೆಣ್ಣು ನೋಡುವಾಗಲೂ ಊರು ಸುತ್ತಿರಲಿಲ್ಲ.

ಕೊನೆಗೆ ಕುಣಿಗಲ್ಲಿನಲ್ಲಿ ಶಾಮಿಯಾನ, ಲೈಟು, ಪ್ರೊಜೆಕ್ಟರ್ ಎಲ್ಲವನ್ನೂ ಬಾಡಿಗೆಗೆ ಕೊಡುವ ಶಿವಣ್ಣ ಸಿಕ್ಕಿದ. "ಬಯಲಲ್ಲಿ ಕ್ರಿಕೆಟ್ ಮ್ಯಾಚ್ ಹಾಕಿದೀನಿ ಸಾ, ಬಾಲಿನ ಹೊಲಿಗೆ ಕಾಣ್ತದೆ" ಎಂದ. ಅವನ ಪ್ರೊಜೆಕ್ಟರನ್ನು ಗೂಡ್ಸ್ ಆಟೋದಲ್ಲಿ ತಂದು, ವೇದಿಕೆಯ ಹಿಂದಿನ ಬಿಳಿ ಗೋಡೆಗೆ ಬಿಟ್ಟು ನೋಡಿದೆವು. ಅಬ್ಬಾ! ಹೀರೋನ ವಿಗ್ಗು ಎಲ್ಲಿಂದ ಶುರುವಾಗುತ್ತದೆಂಬುದೂ ಕಂಡಿತು. ಚಿಕ್ಕಮ್ಮನ ದೃಶ್ಯ ಬರುವ ಮೊದಲೇ ಕರೆಂಟ್ ಹೋಯಿತು. ಆದರೂ ನನ್ನ ಎದೆ ಉಬ್ಬಿತು.

ಕಾರ್ಯಕ್ರಮದ ದಿನ ಹೋಗಿ ನೋಡುತ್ತೇನೆ, ಆ ಬಿಳಿ ಗೋಡೆಯ ತುಂಬ ಫ್ಲೆಕ್ಸ್! ಅಧ್ಯಕ್ಷರು, ಮುಖ್ಯ ಅತಿಥಿಗಳು, ಪ್ರಿನ್ಸಿಪಾಲರು, ಎಲ್ಲರೂ ಆಳೆತ್ತರಕ್ಕೆ ಕೈ ಮುಗಿದು ನಿಂತಿದ್ದಾರೆ. ಸಿನಿಮಾ ಎಲ್ಲಿ ಬಿಡೋದು ಸಾರ್ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. "ಅದರ ಮೇಲೇ ಬಿಡಿ. ಅತಿಥಿಗಳು ಎದುರಿಗೆ ಕೂತಿರುವಾಗ ಅವರ ಫೋಟೋ ಬಿಚ್ಚೋಕಾಗುತ್ತೇನ್ರೀ?" ಎಂದರು. ದೀಪ ಬೆಳಗಿಸಿದ್ದಾಯಿತು, ಸ್ವಾಗತ, ಪ್ರಾಸ್ತಾವಿಕ, ಭಾಷಣ, ಮತ್ತೆ ಭಾಷಣ. "ನಮ್ಮ ಜಿಲ್ಲೆಯ ಹೆಮ್ಮೆಯ ಕಲಾವಿದೆ" ಎಂದು ಚಿಕ್ಕಮ್ಮನಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಸಿನಿಮಾ ಹಾಕಿದೆ. ಕೊಡ ಹೊತ್ತ ಹುಡುಗಿ ಬಂದಳು. ಆದರೆ ಅವಳ ಮುಖ ಹೋಗಿ ಮುಖ್ಯ ಅತಿಥಿಗಳ ಮೀಸೆಯ ಮೇಲೆ ಕೂತಿತು. ಇಡೀ ಸಭಾಂಗಣ ಗೊಳ್ಳೆಂದಿತು. "ಅಗೋ, ನಾನೇ!" ಎಂದು ಚಿಕ್ಕಮ್ಮ ಮುಂದಿನ ಸಾಲಿನಲ್ಲಿ ಎದ್ದು ನಿಂತರು. ಸುಮಾ ನನ್ನ ಕಡೆ ತಿರುಗಿ ನೋಡಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎಲ್ಲರೂ ಊಟಕ್ಕೆ ಹೋದಾಗ ನಾನು ಚಿಕ್ಕಮ್ಮನನ್ನು ತಡೆದೆ. "ಬುಡಿ ಅಳಿಯಂದ್ರೇ, ಕಂಡ್ನಲ್ಲ, ಸಾಕು" ಎಂದರು. ಸಾಕೆನ್ನಲು ನನಗೆ ಮನಸ್ಸು ಬರಬೇಕಲ್ಲ! ಅಂಥ ಪ್ರೊಜೆಕ್ಟರ್ ತಂದು ಮೀಸೆಯ ಮೇಲೆ ಬಿಟ್ಟು ಕಳಿಸುವುದೇ? ನಾನೂ ಶಿವಣ್ಣನೂ ಟೇಬಲ್ ಹತ್ತಿ ಫ್ಲೆಕ್ಸ್ ಬಿಚ್ಚಿದೆವು. ಚಿಕ್ಕಮ್ಮನನ್ನು ನಡುಮಧ್ಯೆ ಕೂರಿಸಿ, ದೃಶ್ಯ ಬಂದ ಕೂಡಲೇ ಸಿನಿಮಾವನ್ನು ಅಲ್ಲೇ ನಿಲ್ಲಿಸಿದೆ. ಗೋಡೆಯಗಲ ಮುಖ. ಹುಬ್ಬಿನ ಪಕ್ಕದ ಮಚ್ಚೆಯೂ ಕಾಣುತ್ತಿತ್ತು.

ಚಿಕ್ಕಮ್ಮ ಬಹಳ ಹೊತ್ತು ನೋಡಿದರು. "ಈ ಮಚ್ಚೆ ರಂಗೀದು" ಎಂದರು. ಎದ್ದು ಗೋಡೆಯ ಹತ್ತಿರ ಹೋಗಿ ಅಂಚಿನಲ್ಲಿದ್ದ ಒಂದು ಮೊಣಕೈಯನ್ನೂ ಅರ್ಧ ಕೊಡವನ್ನೂ ಮುಟ್ಟಿದರು. "ಇದು ನಾನು."

ಚಿಕ್ಕಮ್ಮ ಹೆಗಲ ಮೇಲಿನ ಶಾಲನ್ನು ತೆಗೆದು ನಿಧಾನವಾಗಿ ಮಡಿಸತೊಡಗಿದರು. ಬೈಯಲಿಲ್ಲ, ಅಳಲೂ ಇಲ್ಲ. "ಆ ಬ್ಯಾನರ್ ಇದ್ದಾಗ ನಾನೇ ಇದ್ದೆ" ಎಂದರು. "ಯಾಕ್ ಬಿಚ್ಚುದ್ರಿ ಅಳಿಯಂದ್ರೇ?"

ಇದೊಂದೂ ಕಿವಿಗೆ ಬೀಳದ ಶಿವಣ್ಣ ಪ್ರೊಜೆಕ್ಟರ್ ಪಕ್ಕದಿಂದ, "ಹೆಂಗೈತೆ ಸಾ ಕ್ಲಾರಿಟಿ?" ಎಂದು ಹೆಮ್ಮೆಯಿಂದ ಕೂಗಿದ. ಕ್ಲಾರಿಟಿಗಾಗಿ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದ ನಾನು ಕೆಳಗೆ ಬಿದ್ದಿದ್ದ ಫ್ಲೆಕ್ಸಿನ ಒಂದು ತುದಿ ಹಿಡಿದು ಮತ್ತೆ ಟೇಬಲ್ ಹತ್ತಿದೆ. "ಆ ಕಡೆ ತುದಿ ಹಿಡ್ಕೊಳಯ್ಯ, ವಾಪಸ್ ಕಟ್ಟೋಣ. ಚಿಕ್ಕಮ್ಮನಿಗೆ ಇನ್ನೊಂದ್ಸಲ ತೋರಿಸ್ಬೇಕು" ಎಂದೆ.